ಮಡುವಿಗೆ ಸುರಿದ ಹುಳು

ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ದೇಶದ ಕಡಲು. ಒಬ್ಬ ಮನುಷ್ಯ ಸೊಂಟದವರೆಗೆ ಉಪ್ಪು ನೀರಿನಲ್ಲಿ ನಿಂತು, ಹಕ್ಕಿಗರಿ ಕಟ್ಟಿದ ಪುಟ್ಟ ಗಾಳವನ್ನು ತಲೆಯ ಮೇಲೆ ಬೀಸಿ ಬೀಸಿ ಎಸೆಯುತ್ತಿದ್ದ. ಮೈಮೇಲೆ ಉದ್ದುದ್ದ ಪಟ್ಟೆ ಇರುವ ದೊಡ್ಡ ಮೀನು ಸಿಕ್ಕಿತು. ಅಷ್ಟು ಪಾಡುಪಟ್ಟು ಹಿಡಿದದ್ದನ್ನು ಆತ ನೀರಿನಿಂದ ಮೇಲೆತ್ತಲೇ ಇಲ್ಲ. ಎರಡು ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಿ, ಅದಕ್ಕೆ ಉಸಿರು ಬಂದ ಮೇಲೆ ಬಿಟ್ಟುಬಿಟ್ಟ. "ತಲೆ ಕೆಟ್ಟೈತೆ ಕಣಜ್ಜ ಇವ್ನಿಗೆ, ಸಾರು ಮಾಡೋದ್ ಬುಟ್ಟು!" ಎಂದು ಮೊಮ್ಮಗಳು ನಕ್ಕಳು. ನಾನು ಮೊಬೈಲ್ ಆರಿಸು ಅಂದೆ. ಸ್ವಲ್ಪ ಗದರಿಯೇ ಅಂದೆ. ಪಾಪ, ಅವಳಿಗೇನು ಗೊತ್ತು. ನಾನೂ ಒಂದು ಮೀನನ್ನು ಹಾಗೆಯೇ ಕೈಯಲ್ಲಿ ಹಿಡಿದು ಆಡಿಸಿದವನು. ನನ್ನ ಮೀನಿಗೆ ಉಸಿರು ಬರಲಿಲ್ಲ.

ಗಾಳ ಹಾಕುವುದನ್ನು ನನಗೆ ಕಲಿಸಿದವನು ನನ್ನ ಸೋದರಮಾವ, ಅಮ್ಮನ ತಮ್ಮ. ರಾಮನಗರದಾಚೆ ಕೈಲಾಂಚದ ಹತ್ತಿರ ಹೊಳೆ ದಂಡೆಯ ಹಳ್ಳಿ ಅವನದು. ಒಂದಿಷ್ಟು ರಾಗಿ ಹೊಲ, ಹತ್ತಿಪ್ಪತ್ತು ಕುರಿ, ಆಮೇಲೆ ಎಲ್ಲರ ಹಾಗೆ ಹಿಪ್ಪುನೇರಳೆ. ಆ ವರ್ಷಗಳಲ್ಲಿ ನಮ್ಮ ಕಡೆಗೆ ರೇಷ್ಮೆಯ ಹುಚ್ಚು ಹಿಡಿದಿತ್ತು. ಹುಳುಗಳು ನಡುಮನೆಗೆ ಹೋದವು, ಮನುಷ್ಯರು ಜಗಲಿಗೆ ಬಂದರು. ಹುಳುವಿಗೆ ವಾಸನೆ ಆಗದು ಎಂದು ಅತ್ತೆ ಒಗ್ಗರಣೆಯನ್ನು ಕೂಡ ಹಿತ್ತಲಲ್ಲಿ ಹಾಕುತ್ತಿದ್ದಳು. ಮೀನು ಮುಟ್ಟಿದ ಕೈಯಂತೂ ಬಾಗಿಲ ಹತ್ತಿರ ಸುಳಿಯುವ ಹಾಗಿರಲಿಲ್ಲ. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. "ನಾಕ್ನೇ ಜ್ವರದಲ್ಲವೆ ಹುಳ. ಮೀನ್ ಹಿಡ್ಕಂಡ್ ಬಂದ್ರೆ ಕುರಿ ಜತೆ ಮನೀಕೊ ಹೋಗು," ಎಂದು ಅತ್ತೆ ಮೊದಲೇ ಹೇಳಿಬಿಡುತ್ತಿದ್ದಳು. ಅದಕ್ಕೇ ಮಾವ ಹಿಡಿದ ಮೀನನ್ನು ಹೊಳೆಯ ಬಂಡೆಯ ಮೇಲೆಯೇ ಉಪ್ಪು ಖಾರ ಸವರಿ ಸುಟ್ಟು ತಿಂದು, ಸೀಗೆಪುಡಿ ಹಚ್ಚಿ ಮೈ ತಿಕ್ಕಿಕೊಂಡು, ಮದುವೆ ಗಂಡಿನ ಹಾಗೆ ಘಮಘಮಿಸುತ್ತ ಮನೆಗೆ ಬರುತ್ತಿದ್ದ. ಆದರೂ ಅತ್ತೆ ಅವನ ಕೈ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದಳು.

ಅವನ ಗಾಳಕ್ಕೆ ಪೇಟೆಯ ನೈಲಾನ್ ದಾರ ಇರಲಿಲ್ಲ. ಹುರಿ ಮಾಡಿದ ರೇಷ್ಮೆಯನ್ನೇ ಜಾಲಿ ತೊಗಟೆ ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸಿ, ಒಂದು ಹಲಗೆಗೆ ಸುತ್ತಿಟ್ಟುಕೊಂಡಿದ್ದ. ನೀರಿನ ಮೇಲೆ ತೇಲುವ ಬೆಂಡಿಗೆ ನವಿಲುಗರಿಯ ದಂಟು. ಕಾಲಿಗೆ ಮೆಟ್ಟು ಹಾಕಿಕೊಂಡು ಮಡುವಿನ ಹತ್ತಿರ ಹೋಗುವ ಹಾಗಿಲ್ಲ, ನೆರಳು ನೀರಿನ ಮೇಲೆ ಬೀಳುವ ಹಾಗಿಲ್ಲ, ಮೊಟ್ಟೆ ತುಂಬಿದ ಮೀನು ಸಿಕ್ಕಿದರೆ ಇಟ್ಟುಕೊಳ್ಳುವ ಹಾಗಿಲ್ಲ. ಹೀಗೆ ಅವನ ಕಟ್ಟಳೆ ನೂರೆಂಟು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಮೇವಿನದು. ಗಾಳ ಹಾಕುವ ನಾಲ್ಕು ದಿನ ಮೊದಲಿಂದ ಮೀನು ಒಂದು ಕಡೆ ಸೇರಲಿ ಎಂದು ಮಡುವಿಗೆ ಏನಾದರೂ ಎರಚುವುದು ನಮ್ಮ ಕಡೆಯ ಪದ್ಧತಿ. ರಾಗಿ ಹಿಟ್ಟು, ಹಿಂಡಿ, ರೇಷ್ಮೆ ಬಂದ ಮೇಲೆ ಗೂಡಿನೊಳಗಿನ ಬೆಂದ ಹುಳು. ಆದರೆ ಮಾವ ಒಂದು ಹಿಡಿಯ ಮೇಲೆ ಒಂದು ಕಾಳೂ ಹಾಕುತ್ತಿರಲಿಲ್ಲ. "ನೆಂಟ್ರನ್ನ ಕರೀತಿರೋದು ಕಣ್ಲಾ, ಸಂತೆ ಕಟ್ತಿಲ್ಲ," ಅನ್ನುತ್ತಿದ್ದ. ನಾನು ಒಳಗೊಳಗೇ ಜಿಪುಣ ಅಂದುಕೊಳ್ಳುತ್ತಿದ್ದೆ.

ಅವನಿಗೆ ಐವತ್ತು ದಾಟುತ್ತಿದ್ದ ಹಾಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಎರಡೂ ಹೋದವು. ಮಾತು ಸ್ವಲ್ಪ ತೊದಲಿದರೂ ಉಳಿಯಿತು. ಕಂಬಕ್ಕೆ ಒರಗಿಸಿ ಕೂರಿಸಿದರೆ ಇಡೀ ದಿನ ಕುಳಿತೇ ಇರುತ್ತಿದ್ದ. ಹೊಲ ಕೇಳಲಿಲ್ಲ, ಕುರಿ ಕೇಳಲಿಲ್ಲ. ನಾನು ನೋಡಲು ಹೋದಾಗ ಕೇಳಿದ್ದು ಒಂದೇ.

"ಆ ದೊಡ್ಡ ಗೆಂಡೆ ಐತಾ ಇನ್ನೂ?"

ಆ ಮೀನು ನನಗೆ ಗೊತ್ತಿತ್ತು. ಲಕ್ವಕ್ಕೆ ಎರಡು ವರ್ಷ ಮೊದಲು ಮಾವನ ಗಾಳಕ್ಕೆ ಬಿದ್ದು, ದಡದವರೆಗೆ ಬಂದು, ಕಲ್ಲಿಗೆ ದಾರ ತಾಗಿಸಿ ಹರಿದುಕೊಂಡು ಹೋಗಿತ್ತು. ಅದರ ಬೆನ್ನು ನೀರಿನಿಂದ ಎದ್ದದ್ದನ್ನು ನಾನೂ ನೋಡಿದ್ದೆ. "ಐತೆ ಮಾವ," ಅಂದೆ. ಅವನು ಎಡಗೈ ಎತ್ತಿ ತೋರಿಸಿದ. "ಇದೊಂದೈತಲ್ಲ. ಒಂದ್ಸಲ ಕುಂಡ್ರುಸ್ಲಾ ನನ್ನ ಮಡು ತಾವ. ಸಿಕ್ದೇ ಇದ್ರೂ ಚಿಂತಿಲ್ಲ." ನನಗೆ ಅಳು ಬಂತು. ಅಳು ಬಂದಾಗ ಜಂಬ ಕೊಚ್ಚುವುದು ನನ್ನ ಹುಟ್ಟುಗುಣ. "ಸಿಕ್ದೇ ಇರೋದೇನು, ಮಳೆ ಹಿಡಿಯಕ್ಕೆ ಮುಂಚೆ ಆ ಮೀನು ನಿನ್ ಕೈಗೆ ಕೊಡ್ತೀನಿ ನೋಡು," ಎಂದುಬಿಟ್ಟೆ. ಹೊರಡುವಾಗ ಅವನು ಮತ್ತೆ ಕರೆದು, "ಒಂದೇ ಹಿಡಿ ಕಣ್ಲಾ," ಅಂದ.

ಆಗ ನಾನು ರಾಮನಗರದ ಒಂದು ನೂಲು ಬಿಚ್ಚುವ ಶೆಡ್ಡಿನಲ್ಲಿ ಮೇಸ್ತ್ರಿ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ನೂಲೆಲ್ಲ ಚರಕಕ್ಕೆ ಹೋದ ಮೇಲೆ ತಳದಲ್ಲಿ ಉಳಿಯುವುದು ಕಂದು ಬಣ್ಣದ ಬೆಂದ ಹುಳು. ಮೂಟೆಗಟ್ಟಲೆ ಹುಳು. ಕೇಳುವವರೇ ಇರಲಿಲ್ಲ. ದಿನ ಬಿಟ್ಟು ದಿನ ಮುಂಜಾನೆ ಮೊಪೆಡ್ಡಿನಲ್ಲಿ ಮಡುವಿಗೆ ಹೋಗಿ, ಕೆಲಸದ ಹೊತ್ತಿಗೆ ವಾಪಸು ಬರುತ್ತಿದ್ದೆ. ಮೊದಲ ವಾರ ಮಾವ ಹೇಳಿದ ಹಾಗೆ ಒಂದೇ ಹಿಡಿ ಹಾಕಿದೆ. ಚಿಕ್ಕ ಮೀನು ಬಂದವು. ದೊಡ್ಡದು ಬರಬೇಕಲ್ಲ! ಒಂದು ಡಬ್ಬ ಹಾಕಿದೆ. ಆಮೇಲೆ ಅರ್ಧ ಮೂಟೆ. ಆಮೇಲೆ ಅಳತೆ ಬಿಟ್ಟೆ. ಮೊಪೆಡ್ಡಿನ ಸದ್ದು ಕೇಳಿದರೆ ಸಾಕು, ಮೀನು ದಡಕ್ಕೆ ಮುತ್ತುವಷ್ಟಾಯಿತು. ಒಂದು ದಿನ ಆ ದೊಡ್ಡ ಗೆಂಡೆ ಉಳಿದವನ್ನೆಲ್ಲ ಪಕ್ಕಕ್ಕೆ ತಳ್ಳಿ ಬಂದು, ಬಾಯಿ ತುಂಬ ಹುಳು ತೆಗೆದುಕೊಂಡು ಹೋಯಿತು. ಅದರ ತುಟಿಯ ಮೂಲೆಯಲ್ಲಿ ಹಳೆಯ ಗಾಯದ ಗುರುತಿತ್ತು. ಖುಷಿಯಲ್ಲಿ ಆವತ್ತು ಉಳಿದ ಮೂಟೆಯನ್ನೂ ಸುರಿದೆ.

ಆ ಸಲ ಮುಂಗಾರು ಹಿಂದೆ ಬಿತ್ತು. ಹೊಳೆಯ ಹರಿವು ನಿಂತು, ಸುತ್ತಲೂ ಬರೀ ಮರಳು, ಬಂಡೆಗಳ ನಡುವಿನ ಮಡು ಒಂದೇ ಉಳಿದಿತ್ತು. ಅದೂ ದಿನದಿನಕ್ಕೆ ಇಳಿಯುತ್ತಿತ್ತು. ನೀರು ಹಸಿರಿಗೆ ತಿರುಗಿದ್ದನ್ನು ನೋಡಿದೆ. ಬೇಸಿಗೆಯಲ್ಲಿ ಆಗುವುದೇ ಅಂದುಕೊಂಡೆ. ನಾತ ಬಂದಿರಬೇಕು, ಖಂಡಿತ ಬಂದಿರಬೇಕು. ಆದರೆ ರಾಮನಗರದಲ್ಲಿ ನೂಲು ಬಿಚ್ಚುವವರ ಮೂಗಿಗೆ ಕೊಳೆತ ಹುಳುವಿನ ನಾತ ಗಾಳಿಯಷ್ಟೇ ಸಾಮಾನ್ಯ. ನಾವು ಅದರಲ್ಲೇ ಉಣ್ಣುತ್ತೇವೆ, ಅದರಲ್ಲೇ ಮಲಗುತ್ತೇವೆ. ಬೇರೆ ಯಾರೇ ಆ ದಡಕ್ಕೆ ಬಂದಿದ್ದರೂ ಮೂಗು ಮುಚ್ಚಿಕೊಂಡು, ಏನೋ ಕೆಟ್ಟಿದೆ ಎನ್ನುತ್ತಿದ್ದರು. ನನಗೆ ಏನೂ ಅನ್ನಿಸಲಿಲ್ಲ.

ಮಾವನನ್ನು ಕರೆದುಕೊಂಡು ಹೋಗುವ ದಿನ ಅತ್ತೆ ಅವನಿಗೆ ಒಗೆದ ಪಂಚೆ ಉಡಿಸಿ, ಹಣೆಗೆ ವಿಭೂತಿ ಇಟ್ಟು ಕಳಿಸಿದಳು. ನಡುಮನೆಯಲ್ಲಿ ಹುಳು ಹಣ್ಣಾಗಿದ್ದವು. ಗೂಡು ಕಟ್ಟಲೆಂದು ಅವನ್ನು ಬಿದಿರಿನ ಚಂದ್ರಿಕೆಗೆ ಬಿಡುವ ಗಡಿಬಿಡಿಯಲ್ಲೂ ಅವಳು ಬಾಗಿಲಿಗೆ ಬಂದು ನಿಂತಿದ್ದಳು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿದೆ. ಅವನು ದಾರದ ಹಲಗೆಯನ್ನು ಎದೆಯ ಮೇಲೆ ಇಟ್ಟುಕೊಂಡು, ಎಡಗೈಯಲ್ಲಿ ಹಿಡಿದೇ ಇದ್ದ. ಹೊಳೆಯ ಹತ್ತಿರ ಗಾಡಿ ನಿಲ್ಲಿಸಿ, ಮೆಟ್ಟು ಬಿಚ್ಚಿಟ್ಟು, ಅವನನ್ನು ಬೆನ್ನ ಮೇಲೆ ಹೊತ್ತು, ಬರಿಗಾಲಲ್ಲಿ ಮಡುವಿಗೆ ಇಳಿದೆ.

ಬಂಡೆಯ ಮೇಲೆ ಕೂರಿಸಿದ ಕೂಡಲೇ ಅವನು ನೀರಿನ ಕಡೆ ನೋಡಿದ. ಅವನ ಕಣ್ಣು ಈಗ ಅಷ್ಟಾಗಿ ಕಾಣುತ್ತಿರಲಿಲ್ಲ. ಮಡುವಿನ ತುಂಬ ಬಳೆ ಬಳೆಯಾಗಿ ಅಲೆ ಏಳುತ್ತಿದ್ದವು. ನೂರಾರು ಬಾಯಿ ನೀರಿನ ಮೇಲೆ ತೆರೆದು ಮುಚ್ಚುತ್ತಿದ್ದವು.

"ಲೇ, ಏನ್ಲಾ ಇದು! ಇಷ್ಟೊಂದು ಮೀನು!" ಎಂದ ಮಾವ. ಲಕ್ವ ಹೊಡೆದ ಮೇಲೆ ಮೊದಲ ಸಲ ಅವನ ಮುಖ ನಕ್ಕಿತು, ಒಂದೇ ಪಕ್ಕ. ನಾನೂ ನಕ್ಕೆ. ದೇವರಾಣೆಗೂ ನಕ್ಕೆ. ನನ್ನ ಜನ್ಮದಲ್ಲಿ ನಾನು ನಾಚಿಕೆಪಡುವ ನಗು ಅದು.

ಆಮೇಲೆ ಅವನ ಮೂಗು ಅರಳಿತು. ಹುಳು ಮನೆಯವನ ಮೂಗು, ಬೀಡಿ ಹೊಗೆಯನ್ನು ಹತ್ತು ಮಾರು ದೂರದಿಂದ ಹಿಡಿಯುವ ಮೂಗು. "ಉಸ್ರು ಸಿಕ್ತಿಲ್ಲ ಕಣ್ಲಾ ಅವಕ್ಕೆ," ಅಂದ. ನನ್ನ ಕಡೆ ತಿರುಗಿ, "ಎಷ್ಟಾಕ್ದೆ?" ಎಂದು ಕೇಳಿದ.

ನಾನು ಹೇಳಬೇಕಾಗಿಯೇ ಇರಲಿಲ್ಲ. ಬಂಡೆಯ ಮರೆಯಲ್ಲಿ ನನ್ನ ಖಾಲಿ ಗೋಣಿಚೀಲಗಳು ಬಿದ್ದಿದ್ದವು.

ಬಿಸಿಲೇರುವ ಹೊತ್ತಿಗೆ ಒಂದೊಂದಾಗಿ ಹೊಟ್ಟೆ ಮೇಲಾದವು. ದೊಡ್ಡ ಗೆಂಡೆ ತಾನಾಗಿಯೇ ದಡಕ್ಕೆ ಬಂತು. ಓಲಾಡುತ್ತ ಬಂದು, ಮಾವ ಕೂತಿದ್ದ ಬಂಡೆಗೇ ಮೂತಿ ತಾಗಿಸಿ ನಿಂತಿತು. ಅವನು ಬಾಗಿ ಎಡಗೈ ಚಾಚಿದ್ದರೆ ಸಾಕಿತ್ತು, ನಾನು ಕೊಟ್ಟ ಮಾತು ನಡೆಯುತ್ತಿತ್ತು. ಅವನು ಕೈ ಚಾಚಲಿಲ್ಲ. "ನೀರಿಗಿಳಿ. ಹಿಡ್ಕೊ, ನೆಟ್ಟಗೆ ಹಿಡ್ಕೊ. ಆಡ್ಸು, ಆಡ್ಸು," ಎಂದು ಕೂಗಿದ. ಇಳಿದೆ. ಎರಡು ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಆಡಿಸಿದೆ. ಕಿವಿರು ಒಂದು ಸಲ ತೆರೆಯಿತು, ಇನ್ನೊಂದು ಸಲ ತೆರೆಯಿತು. ಹರಿಯುವ ನೀರಿದ್ದರೆ ಉಳಿಯುತ್ತಿತ್ತೇನೋ. ನಾನು ಆಡಿಸುತ್ತಿದ್ದದ್ದು ನಾನೇ ಕೊಳೆಸಿದ ನೀರಿನಲ್ಲಿ. ಅದು ಸತ್ತ ಮೇಲೂ ತುಂಬ ಹೊತ್ತು ಆಡಿಸುತ್ತಲೇ ಇದ್ದೆ. ಕೊನೆಗೆ ಮಾವನೇ, "ಸಾಕು ಬುಡ್ಲಾ," ಅಂದ.

ವಾಪಸು ಬರುವಾಗ ಅವನು ದಾರದ ಹಲಗೆಯನ್ನು ಎದೆಗೆ ಅವುಚಿಕೊಂಡು ಮಲಗಿದ್ದ. ಬೈದಿದ್ದರೆ, ಆ ಎಡಗೈಯಲ್ಲೇ ಒಂದು ಬಾರಿಸಿದ್ದರೆ ನನಗೆ ಇಷ್ಟು ವರ್ಷ ಹೀಗೆ ಆಗುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ಜನ ಮಡು ನೋಡಿಕೊಂಡು ಬಂದು ಜಗಲಿಯ ಮುಂದೆ ಸೇರಿದರು. ಯಾಕೆ ಹೀಗಾಯಿತು ಎಂದು ಮಾವನನ್ನೇ ಕೇಳಿದರು, ಹೊಳೆಯ ವಿಷಯ ಅವನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ನಾನು ಕಂಬದ ಹಿಂದೆ ನಿಂತಿದ್ದೆ. ಮಾವ ನನ್ನ ಕಡೆ ನೋಡದೆ, "ಪ್ಯಾಟೆ ನೀರು ಕಣ್ರಪ್ಪ. ನೂಲ್ ಬಿಚ್ಚೋ ನೀರು ಬಂದು ಸೇರ್ಕಂಡೈತೆ," ಅಂದ.

ಆ ಬೇಸಿಗೆಯಲ್ಲಿ ಪೇಟೆಯ ನೀರು ಅಲ್ಲಿಗೆ ಬರುವುದು ಸಾಧ್ಯವೇ ಇರಲಿಲ್ಲ. ಪೇಟೆಗೂ ಮಡುವಿಗೂ ನಡುವೆ ಅಷ್ಟು ದೂರ ಮರಳು ಒಣಗಿ ಬಿದ್ದಿತ್ತು. ಅದು ಮಾವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಯಾರೋ ಪೇಟೆಯವರಿಗೆ ಹಿಡಿಶಾಪ ಹಾಕಿದರು. ನಾನೂ ತಲೆಯಾಡಿಸಿದೆ. ಅದೇ ಪೇಟೆಯ ಶೆಡ್ಡಿನ ಮೇಸ್ತ್ರಿ ನಾನು, ಮರುದಿನ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದೆ.

ನಿಜವಾಗಿಯೂ ಪೇಟೆಯ ನೀರು ಬಂದದ್ದು ಆಮೇಲೆ. ಹೊಳೆ ಕಪ್ಪಾಯಿತು, ನೊರೆ ಬಂತು, ಗಾಳ ಹಾಕುವವರೇ ಇಲ್ಲವಾದರು. ಈಗ ಅಲ್ಲಿಯ ಯಾರನ್ನಾದರೂ ಕೇಳಿ, ಮಡುವಿನ ಮೀನು ಪೇಟೆ ನೀರಿಗೆ ಸತ್ತವು ಎಂದೇ ಹೇಳುತ್ತಾರೆ. ಅಷ್ಟು ದೊಡ್ಡ ಕೊಳಕಿನ ಹಿಂದೆ ನನ್ನ ಗೋಣಿಚೀಲ ಯಾರಿಗೂ ಕಾಣುವುದಿಲ್ಲ.

ಆ ವರ್ಷ ಮಳೆ ಬಂದು ಮಡು ತುಂಬಿದ ಮೇಲೆ ನಾನು ಹೋಗಿ ನೋಡಿದೆ. ಕೆಸರಲ್ಲೂ ಬದುಕುವ ಕುಚ್ಚು ಮೀನು ಎರಡು ಕಂಡವು, ಅಷ್ಟೇ. ಮಾವ ಇನ್ನೂ ಮೂರು ವರ್ಷ ಇದ್ದ. ಮತ್ತೆ ಮಡುವಿಗೆ ಕರೆದುಕೊಂಡು ಹೋಗು ಎಂದು ಕೇಳಲಿಲ್ಲ. ಆದರೆ ನಾನು ಹೋದಾಗಲೆಲ್ಲ ದಾರದ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಗೆಂಡೆ ಮರಿ ಬಂದ್ವಾ?" ಎಂದು ಕೇಳುತ್ತಿದ್ದ.

"ಬಂದವೆ ಮಾವ. ಇಷ್ಟಿಷ್ಟುದ್ದ ಅವೆ," ಎಂದು ನಾನು ಬೆರಳು ತೋರಿಸುತ್ತಿದ್ದೆ. ಪ್ರತಿ ಸಲವೂ ಸ್ವಲ್ಪ ಉದ್ದ ಮಾಡಿ ತೋರಿಸುತ್ತಿದ್ದೆ.

ಅವನು ನನ್ನ ಬೆರಳನ್ನೇ ನೋಡಿ ತಲೆಯಾಡಿಸುತ್ತಿದ್ದ. ನಂಬಿದನೋ ಇಲ್ಲವೋ, ಒಂದು ಸಲವೂ ಹೇಳಲಿಲ್ಲ. ಅವನು ಊರವರಿಗೆ ಸುಳ್ಳು ಹೇಳಿದ್ದು ನನ್ನನ್ನು ಉಳಿಸುವುದಕ್ಕೆ. ನಾನು ಅವನಿಗೆ ಸುಳ್ಳು ಹೇಳಿದ್ದೂ ನನ್ನನ್ನು ಉಳಿಸಿಕೊಳ್ಳುವುದಕ್ಕೇ.