ಗೋವರ್ಧನಕ್ಕೆ ಐನೂರು ವ್ಯಾಟಿನ ಮಿಂಚು

ನವರಾತ್ರಿ ಹತ್ತಿರ ಬಂತೆಂದರೆ ಉಳಿದವರ ಮನೆಯಲ್ಲಿ ಅಟ್ಟದಿಂದ ಗೊಂಬೆಗಳು ಇಳಿಯುತ್ತವೆ. ಆ ವರ್ಷ ನಮ್ಮ ಮನೆಯಲ್ಲಿ ಗೊಂಬೆಗಳಿಗಿಂತ ಮೊದಲು ವೈರು, ಹೋಲ್ಡರು, ಟೇಪು, ಇಕ್ಕಳಗಳು ಇಳಿದವು. ಆಫೀಸಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ನನ್ನ ಕಾಲಿಗೆ ವೈರು ತೊಡರಿತು. "ಹುಷಾರು, ಅದ್ರಲ್ಲಿ ಕರೆಂಟ್ ಇದೆ" ಎಂದರು ಸ್ಟೂಲಿನ ಮೇಲೆ ನಿಂತಿದ್ದ ನಮ್ಮ ಯಜಮಾನರು. ಹುಷಾರು ಎನ್ನುವುದನ್ನು ನಾನು ತುಳಿಯುವ ಮೊದಲು ಹೇಳಬಾರದೆ?

ತೊಂಬತ್ತರ ದಶಕದ ಕೊನೆಯ ಮಾತು ಇದು. ನಾನು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಇಂದಿರಾನಗರದ ಆಚೆ ನೌಕರರ ಕಾಲೊನಿಯಲ್ಲಿ ಮೊದಲ ಮಹಡಿಯ ಎರಡು ಕೋಣೆಯ ಮನೆ ನಮ್ಮದು. ಯಜಮಾನರು ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದರು. ಮನೆಯಲ್ಲಿ ಮೂರನೆಯವರು ನಮ್ಮತ್ತೆ. ನಾನು ದಾವಣಗೆರೆ ಕಡೆಯವಳು. ನಮ್ಮ ತವರಿನಲ್ಲಿ ಬನ್ನಿ ಹಂಚುವುದು ಗೊತ್ತೇ ಹೊರತು ಗೊಂಬೆ ಕೂರಿಸುವುದು ಗೊತ್ತಿರಲಿಲ್ಲ. ಯಾವ ಮೆಟ್ಟಿಲಿಗೆ ಯಾವ ಗೊಂಬೆ ಎಂದು ಕಲಿಸಿದವರು ಅತ್ತೆಯೇ. ಕಲಿಸಿದ್ದು ಎನ್ನುವುದಕ್ಕಿಂತ ಬೈದು ಬೈದು ತಲೆಗೆ ತುಂಬಿದ್ದು ಎನ್ನಬೇಕು. ಹಸುವಿನ ಮುಖ ಒಂದಿಷ್ಟು ವಾರೆಯಾದರೂ ಅವರ ಕಣ್ಣಿಗೆ ಬೀಳುತ್ತಿತ್ತು.

ಆ ಕಣ್ಣುಗಳೇ ಈಗ ಕೈಕೊಟ್ಟಿದ್ದವು. ಹಲಸೂರಿನ ಕಣ್ಣಿನ ಡಾಕ್ಟರು ನರ ಒಣಗಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದು ಕೈಚೆಲ್ಲಿದ್ದರು. ಅತ್ತೆ ಅತ್ತಿರಲಿಲ್ಲ. ಆಟೋದಲ್ಲಿ ಬರುವಾಗ ಒಂದೇ ಮಾತು ಹೇಳಿದ್ದರು. "ಈ ಸಲದ ಗೊಂಬೆ ಒಂದು ನೋಡ್ಬಿಟ್ರೆ ಸಾಕಪ್ಪ."

ಮೇ ತಿಂಗಳ ಒಂದು ಸಂಜೆ ಗುಡುಗು ಮಳೆ ಬಂದಾಗ ಕಿಟಕಿಯಾಚೆ ಜೋರಾಗಿ ಮಿಂಚಿತು. ಅತ್ತೆ ಥಟ್ಟನೆ "ಈಗ ಕಂಬಿಯೆಲ್ಲಾ ಕಾಣ್ತು ಕಣೋ" ಎಂದರು. ಅಷ್ಟೇ. ಯಜಮಾನರ ತಲೆಯೊಳಗೆ ಅಂದೇ ಹುಳ ಹೊಕ್ಕಿತು. ಅವರ ಲೆಕ್ಕದಲ್ಲಿ ಅಮ್ಮನ ಕಣ್ಣು ಎಂದರೆ ವೋಲ್ಟೇಜು ಕಡಿಮೆಯಾದ ಟ್ಯೂಬ್‌ಲೈಟು. ಬೆಳಕನ್ನು ಜೋರಾಗಿ ಒಮ್ಮೆಲೇ ಕೊಟ್ಟರೆ ಕಾಣಲೇಬೇಕು. ನಮ್ಮ ಗೊಂಬೆಗಳಲ್ಲಿ ಗೋವರ್ಧನ ಗಿರಿ ಎತ್ತಿದ ಕೃಷ್ಣ ಇದ್ದ, ಅವನ ಸುತ್ತ ಹಸುಗಳಿದ್ದವು. ಇಂದ್ರ ಮಳೆ ಸುರಿಸುವ ಆ ಸನ್ನಿವೇಶಕ್ಕೆ ಮಿಂಚು ಬೇಕೇ ಬೇಕು ಎಂಬ ನೆಪವೂ ಸಿಕ್ಕಿತು.

ಮೊದಲು ಟ್ಯೂಬ್‌ಲೈಟಿನ ಸ್ಟಾರ್ಟರನ್ನು ಬಲ್ಬಿನ ದಾರಿಯಲ್ಲಿ ಸೇರಿಸಿದರು. ಬಲ್ಬು ಪಕಪಕ ಎನ್ನತೊಡಗಿತು. ಮಾರಿಗುಡಿ ಮುಂದಿನ ದೀಪದ ತೋರಣಕ್ಕೆ ಅದು ಸಾಕು. ನಮ್ಮವರಿಗೆ ಸಾಲಲಿಲ್ಲ. ನಲವತ್ತು ವ್ಯಾಟು ಹೋಗಿ ನೂರು ಬಂತು, ನೂರು ಹೋಗಿ ಇನ್ನೂರು ಬಂತು. ಕೊನೆಗೆ ಮದುವೆ ವಿಡಿಯೋದವರು ಮುಖಕ್ಕೆ ಹಿಡಿಯುತ್ತಾರಲ್ಲ, ಆ ಐನೂರು ವ್ಯಾಟಿನ ಫೋಕಸ್ ಲೈಟು ಬಂತು. ಅದನ್ನು ಹೊತ್ತಿಸಿ ಆರಿಸಲು ಶಿವಾಜಿನಗರದ ಗುಜರಿಯಿಂದ ಕಬ್ಬಿಣದ ದಪ್ಪ ಸ್ವಿಚ್ಚೊಂದನ್ನು ತಂದರು. ನಾನೂ ಜೊತೆಗಿದ್ದೆ. ರಸೆಲ್ ಮಾರುಕಟ್ಟೆಯಲ್ಲಿ ಹೂವು ತೆಗೆದುಕೊಂಡು ಬರೋಣ ಎಂದು ಹೊರಟವಳು ಗುಜರಿ ಅಂಗಡಿಯ ಮುಂದೆ ಗಂಟೆಗಟ್ಟಲೆ ಸೇವಂತಿಗೆ ಹಿಡಿದು ನಿಂತೆ.

"ಇದು ಮೋಟಾರ್‌ದು ಸಾಬ್. ಮನೇಗ್ ಯಾಕೆ?" ಎಂದು ಅಂಗಡಿಯವನೇ ಕೇಳಿದ.

"ಗೊಂಬೆಗೆ" ಎಂದರು ಇವರು.

ಅವನು ನನ್ನ ಮುಖ ನೋಡಿದ. ನನಗೆ ನಾಚಿಕೆಯೋ ಕೋಪವೋ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಆ ಸ್ವಿಚ್ಚು ಒತ್ತಿದರೆ ಟಕ್ ಎಂದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಮೊದಲ ದಿನ ಒತ್ತಿದಾಗ ಮನೆಯ ಫ್ಯೂಸ್ ಹೋಯಿತು, ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೇ ನಿಂತಿತು. ಎರಡನೆಯ ದಿನ ಮಿಂಚು ಹೊಡೆಯಿತು ನಿಜ, ಆದರೆ ಆರತಿ ತಟ್ಟೆ ಹಿಡಿದಿದ್ದ ಮೇಲಿನ ಮನೆಯ ತಮಿಳಿನಾಕೆ "ಅಯ್ಯೋ ಕಡವುಳೇ!" ಎಂದು ಕಿರುಚಿ ತಟ್ಟೆಯನ್ನೇ ಬಿಟ್ಟರು. "ಆಂಟೀ, ಗೊಂಬೆ ಕೂರ್ಸಿದೀರಾ?" ಎಂದು ಕೇಳಿಕೊಂಡು ಬಂದ ಪುಟ್ಟ ಹುಡುಗಿಯೊಬ್ಬಳು ಅಳುತ್ತಾ ಓಡಿಹೋದಳು. ಅವಳಿಗೆ ಕೊಡಬೇಕಾದ ಕೊಬ್ಬರಿ ಮಿಠಾಯಿ ಹಿಡಿದು ನಾನು ಮೆಟ್ಟಿಲಿಳಿದು ಹಿಂದೆ ಓಡಿದೆ. ಹಬ್ಬದಲ್ಲಿ ಮನೆಗೆ ಬಂದವರನ್ನು ಹೆದರಿಸಿ ಕಳಿಸುವ ಮನೆ ಇಡೀ ಕಾಲೊನಿಯಲ್ಲಿ ನಮ್ಮದೊಂದೇ.

ವಾಪಸ್ಸು ಬಂದವಳೇ ಕೂಗಾಡಿದೆ. "ನಿಮ್ಗೇನು ಬುದ್ಧಿಗಿದ್ದಿ ಇದ್ಯೇನ್ರೀ? ನಮ್ ಕಣ್ಣೂ ಹೋಗ್ಬೇಕಾ?"

"ಅಮ್ಮನ್ನ ನೋಡೇ" ಎಂದರು ಇವರು. "ನೀವೆಲ್ಲಾ ಕಣ್ಣು ಮುಚ್ಕೊಂಡ್ರಿ. ಅಮ್ಮ ಕಣ್ಣು ಪಿಳುಕಿಸ್ದೇ ನೋಡ್ತಿದ್ರು. ಅವ್ರಿಗೆ ಕರೆಕ್ಟಾಗಿದೆ ಅಂತ ಅಲ್ವಾ?"

ಅದೇನೋ ನಿಜ. ಗೊಂಬೆಗಳ ಎದುರು ಬೆತ್ತದ ಕುರ್ಚಿಯಲ್ಲಿ ಅತ್ತೆ ಅಲುಗಾಡದೆ ಕೂತಿರುತ್ತಿದ್ದರು. ಮಿಂಚು ಹೊಡೆದಾಗ ಅವರ ಕಣ್ಣುಗಳು ಅಗಲವಾಗಿ ತೆರೆದೇ ಇರುತ್ತಿದ್ದವು. "ಕಾಣ್ತು ಕಣೋ, ಕೃಷ್ಣನ ಕಿರೀಟ ಕಾಣ್ತು!" ಎನ್ನುತ್ತಿದ್ದರು. ಆಗ ಇವರ ಮುಖ ನೋಡಬೇಕಿತ್ತು. ನಾನು ಬಾಯಿ ಮುಚ್ಚಿಕೊಂಡು ನೆಲದ ಮೇಲೆ ಬಿದ್ದ ಕುಂಕುಮ ಒರೆಸಿದೆ.

ಆ ವರ್ಷ ಗೊಂಬೆ ಜೋಡಿಸಿದವಳು ನಾನೊಬ್ಬಳೇ. ವೈರಿನ ಗಡಿಬಿಡಿಯಲ್ಲಿ ಕೆಳಗಿನ ಮೆಟ್ಟಿಲಲ್ಲಿರಬೇಕಾದ ಶೆಟ್ಟಿ ಅಂಗಡಿಯ ಗೊಂಬೆಯನ್ನು ದೇವರ ಸಾಲಿನಲ್ಲಿ ಇಟ್ಟುಬಿಟ್ಟಿದ್ದೆ. ಬೈಗುಳಕ್ಕೆ ತಯಾರಾಗಿದ್ದೆ. ಅತ್ತೆ ಏನೂ ಅನ್ನಲಿಲ್ಲ. "ಚೆನ್ನಾಗಿ ಜೋಡ್ಸಿದೀಯ" ಎಂದರು. ವಯಸ್ಸಾದ ಮೇಲೆ ಮೆತ್ತಗಾಗಿದ್ದಾರೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ದುರ್ಗಾಷ್ಟಮಿಯ ಸಂಜೆ ಕಾಲೊನಿಯ ಏಳೆಂಟು ಹೆಂಗಸರು ಬಂದಿದ್ದರು. ಹೆದರಿ ಓಡಿದ್ದ ಹುಡುಗಿಯೂ ಅಮ್ಮನ ಸೆರಗು ಹಿಡಿದು ಧೈರ್ಯವಾಗಿ ಕೂತಿದ್ದಳು. ಹಾಡು ಮುಗಿಯಿತು. ಯಜಮಾನರು ಕೋಣೆಯ ದೀಪ ಆರಿಸಿ, ಎಲ್ಲರೂ ತಯಾರಾಗಿ ಎಂಬಂತೆ ಕೆಮ್ಮಿ, ಸ್ವಿಚ್ಚು ಒತ್ತಿದರು.

ಟಕ್.

ಬೆಳಕು ಬರಲಿಲ್ಲ. ಲೈಟಿನೊಳಗಿನ ಬಲ್ಬು ಸುಟ್ಟುಹೋಗಿತ್ತು. ಕೃಷ್ಣನ ಮುಂದಿನ ಎಣ್ಣೆದೀಪ ಮಾತ್ರ ತನ್ನ ಪಾಡಿಗೆ ಉರಿಯುತ್ತಿತ್ತು.

"ಆಹಾ!" ಎಂದರು ಅತ್ತೆ, ಎರಡೂ ಕೈ ಜೋಡಿಸಿ. "ಇವತ್ತಂತೂ ಬೆಟ್ಟ ಎತ್ತಿರೋ ಬೆರಳೂ ಕಾಣ್ತು ಕಣೋ."

ಆ ಹುಡುಗಿ "ಅಜ್ಜೀ, ಲೈಟೇ..." ಎಂದು ಬಾಯಿ ತೆರೆದಳು. ನಾನು ಕೊಬ್ಬರಿ ಮಿಠಾಯಿಯನ್ನು ಆ ಬಾಯಿಗೆ ತುರುಕಿದೆ. ಯಜಮಾನರು ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದರು. ಆಮೇಲೆ "ಚೆನ್ನಾಗಿ ಬಂತಾ ಅಮ್ಮ?" ಎಂದು ಕೇಳಿದರು.

ಎಲ್ಲರೂ ಹೋದ ಮೇಲೆ ಇವರು ಅಡುಗೆಮನೆಗೆ ಬಂದು, ನಾನು ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯುತ್ತಾ, "ನಂಗೆ ಗೊತ್ತಾಯ್ತು ಅಂತ ಅಮ್ಮಂಗೆ ಹೇಳ್ಬೇಡ ಕಣೇ" ಎಂದರು.

ವಿಜಯದಶಮಿಯ ಸಂಜೆ ಪಟ್ಟದ ಗೊಂಬೆಗಳನ್ನು ಮಲಗಿಸುವ ಶಾಸ್ತ್ರ. ನಡುವೆ ನಿಂತಿರುವ ರಾಜ ರಾಣಿಯನ್ನು ಮನೆಯ ಹಿರಿಯರು ತಮ್ಮ ಕೈಯಾರೆ ಒರಗಿಸಬೇಕು. ಅತ್ತೆ ಮೆಟ್ಟಿಲಿನ ಅಂಚು ಹಿಡಿದು ಕೈಯಾಡಿಸಿದರು. ಬೆರಳಿಗೆ ಶೆಟ್ಟಿಯ ತಕ್ಕಡಿ ತಗುಲಿತು. "ಇವ್ನಿಗ್ಯಾಕೇ ದೇವ್ರ ಸಾಲು?" ಎಂದರು. ಮುಚ್ಚಿಡುವುದು ನನ್ನ ಜಾಯಮಾನವಲ್ಲ. ಇವರು ಹೊರಗೆ ಹೋಗಿದ್ದರು, ಕೇಳಿಯೇಬಿಟ್ಟೆ.

"ಅತ್ತೆ, ನಿಮ್ಗೆ ಏನಾದ್ರೂ ಕಾಣ್ಸತ್ತಾ?"

"ಆಷಾಢದಿಂದ್ಲೇ ಏನೂ ಇಲ್ಲ ಕಣೇ. ಟಕ್ ಅನ್ನತ್ತಲ್ಲ, ಆಗ ಹೇಳ್ತೀನಿ." ರಾಣಿಯನ್ನು ಹುಡುಕಿ ರಾಜನ ಪಕ್ಕ ಮಲಗಿಸಿ, ಮೇಲೆ ವಸ್ತ್ರ ಎಳೆದರು. "ಅವ್ನಿಗೆ ಹೇಳ್ಬೇಡ. ಪಾಪ, ಅಷ್ಟು ಒದ್ದಾಡ್ತಾನೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಾಯಿ ಮಗ ಇಬ್ಬರೂ ನಾಟಕ ಆಡುವುದು, ನಡುವೆ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕಾದವಳು ನಾನು. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತುಬಿಟ್ಟೆ.

ಮರುವರ್ಷ ಭಾದ್ರಪದ ಕಳೆಯುತ್ತಿದ್ದಂತೆ ಇವರು ಅಟ್ಟ ಹತ್ತಿ ಮತ್ತದೇ ಫೋಕಸ್ ಲೈಟು ಇಳಿಸಿದರು. ಹೊಸ ಬಲ್ಬನ್ನೂ ತಂದಿಟ್ಟಿದ್ದರು. ನನಗೆ ತಡೆಯಲಾಗಲಿಲ್ಲ. ಅವರನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದೆ. "ಲೈಟ್ ಯಾಕ್ರೀ ಮತ್ತೆ? ಆ ಸ್ವಿಚ್ಚೊಂದು ಟಕ್ ಅಂದ್ರೆ ಸಾಲ್ದಾ? ಫ್ಯೂಸಾದ್ರೂ ಉಳಿಯತ್ತೆ."

ಅವರು ಬಲ್ಬಿನ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ಬೆಳಕೇ ಇಲ್ದೆ ಬರೀ ಸದ್ದು ಮಾಡಿದ್ರೆ ಅಮ್ಮಂಗೆ ಮೋಸ ಮಾಡ್ದಂಗಾಗತ್ತೆ ಕಣೇ" ಎಂದರು.

ಫ್ಯೂಸ್ ತಂತಿ ತರಲು ಹಲಸೂರು ಪೇಟೆಗೆ ನಾನೇ ಹೋದೆ.