ಅಕ್ಕನ ಡಿಕ್ಕಿಗೆ ಒಂದು ಕೇಬಲ್

ನನ್ನ ಅಕ್ಕ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ಮನೆಯಲ್ಲಿ ಖಾರ ಮಂಡಕ್ಕಿ ಮಾಡಿ, ಅಪ್ಪನ ಕಾಲದ ಅಂಬಾಸಿಡರಿನಲ್ಲಿ ಹರಿಹರದ ಹತ್ತಿರದ ಗುತ್ತೂರಿನ ಚಹಾ ಅಂಗಡಿಗಳಿಗೆ ತಾನೇ ಹಾಕಿಬರುತ್ತಾಳೆ. ವಯಸ್ಸು ಅರವತ್ತೆಂಟು. ಹೋದ ವರ್ಷ ಅವಳ ಹೆಬ್ಬೆರಳಿನ ಬುಡ ಊದಿಕೊಂಡಿತು. ಸ್ಟೇರಿಂಗನ್ನು ಅಂಗೈಯಲ್ಲೇ ತಿರುಗಿಸುತ್ತಿದ್ದಳು, ಗೇರನ್ನೂ ಹಾಗೆಯೇ ಹಾಕುತ್ತಿದ್ದಳು. ಆದರೆ ಡಿಕ್ಕಿಯ ಗುಂಡಿ ಒತ್ತಲು ಹೆಬ್ಬೆರಳೇ ಬೇಕು. ಅದನ್ನು ತೆಗೆಯಲೆಂದೇ ನಾನು ಪ್ರತಿ ಸಲ ಪಕ್ಕದಲ್ಲಿ ಕೂತು ಹೋಗುತ್ತಿದ್ದೆ. ರಿಟೈರಾದವನಿಗೆ ಅದಕ್ಕಿಂತ ಒಳ್ಳೆಯ ಕೆಲಸ ಇನ್ನೆಲ್ಲಿ ಸಿಗಬೇಕು! ಅವಳಿಗೆ ಮಾತ್ರ ಅದು ಸೇರುತ್ತಿರಲಿಲ್ಲ.

"ಒಂದ್ ಡಿಕ್ಕಿ ತೆಗಿಯಾಕೆ ಇನ್ನೊಬ್ರ ಕೈ ಕಾಯೋದಾದ್ರೆ ಯಾಪಾರ ಯಾಕ ಬೇಕು? ಕಾರ್ ಮಾರಿಬಿಡಾಣ," ಎಂದಳು ಒಂದು ದಿನ.

ಮೂಟೆಗಳನ್ನು ಹಿಂದಿನ ಸೀಟಿಗೆ ಹಾಕೋಣ ಎಂದೆ. "ಸೀಟಿಗೆ ಎಣ್ಣೆ ಹತ್ತತೈತೆ," ಎಂದು ಬಾಯಿ ಮುಚ್ಚಿಸಿದಳು. ಸುಮ್ಮನೆ ಮನೆಯಲ್ಲಿ ಕೂತರೆ ಮೂರೇ ತಿಂಗಳಲ್ಲಿ ಅಕ್ಕ ಮುದುಕಿಯಾಗುತ್ತಾಳೆ ಎಂದು ನನಗೆ ಭಯವಾಯಿತು.

ಹರಿಹರದಲ್ಲಿ ಹಳೆಯ ಕಾರುಗಳನ್ನೇ ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್ ಇದ್ದಾರೆ. ಊರಿಗೆಲ್ಲ ಅವರು ಚಾಚಾ. ಡಿಕ್ಕಿಯ ಬೀಗಕ್ಕೆ ಕೇಬಲ್ ಸಿಕ್ಕಿಸಿ, ಡ್ರೈವರ್ ಸೀಟಿನ ಪಕ್ಕಕ್ಕೆ ತಂದು, ನಾಲ್ಕು ಬೆರಳಿನಲ್ಲಿ ಎಳೆಯುವಂಥ ಹಿಡಿಕೆ ಕೂರಿಸಿದರು. ಎಳೆದರೆ ಮುಚ್ಚಳ ತಾನೇ ಮೇಲೇಳಲೆಂದು ಒಳಗೊಂದು ಸ್ಪ್ರಿಂಗ್ ಹಾಕಿದರು. ಆಮೇಲೆ ಕಾರಿನ ಹಿಂಭಾಗ ನೋಡಿ ಲೊಚಗುಟ್ಟಿದರು.

"ಅಕ್ಕಾರು ವಾಪಸ್ ಬರಾದು ಸಂಜೆ ಆಗತೈತೆ ಅಂತೀರಿ. ಲಾರಿ ಓಡಾಡೋ ರೋಡು. ಹಿಂದೆ ರಿಫ್ಲೆಕ್ಟರ್ ಬ್ಯಾಡೇನ್ರಿ?"

ನನಗೆ ಬೈಯುತ್ತಲೇ ಎರಡು ಕೆಂಪು ರಿಫ್ಲೆಕ್ಟರ್ ಜೋಡಿಸಿಕೊಟ್ಟರು.

ನಮ್ಮ ಮನೆತನದಲ್ಲಿ ಗಾಡಿಗೆ ಒಂದು ಹೊಸ ನಟ್ಟು ಬಿದ್ದರೂ ಪೂಜೆಯಾಗಬೇಕು. ಸೋಮವಾರ ಬೆಳಿಗ್ಗೆ ಮೂಟೆ ತುಂಬಿ, ಡಿಕ್ಕಿ ಮುಚ್ಚಿ, ವಿಭೂತಿ ಎಳೆದೆ, ಕಾಯಿ ಒಡೆದೆ. ಸೇವಂತಿಗೆ ಹಾರ ಗಾಳಿಗೆ ಹಾರಬಾರದೆಂದು ಡಿಕ್ಕಿ ಮುಚ್ಚಳದ ಹೊರಗಿನ ಹಿಡಿಗೂ ಬಂಪರಿಗೂ ಸೇರಿಸಿ ಹುರಿಯಲ್ಲಿ ಬಿಗಿದೆ. ಅರ್ಧಂಬರ್ಧ ಕೆಲಸ ನನಗೆ ಆಗಿಬರುವುದಿಲ್ಲ.

ಅಕ್ಕ ಸೀಟಿನಲ್ಲಿ ಕೂತು ಹಿಡಿಕೆ ಎಳೆದಳು. ಒಳಗೆ ಟಕ್ ಎಂದಿತು, ಮುಚ್ಚಳ ಏಳಲಿಲ್ಲ. ಮತ್ತೊಮ್ಮೆ ಎಳೆದಳು. ಆಮೇಲೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, "ಆಗಂಗಿಲ್ಲ ಬಿಡಪ್ಪ. ಯಾರರ ತಗೊಳ್ಳೋರು ಅದಾರೇನು ನೋಡು," ಎಂದಳು.

ಸಿಟ್ಟಿನಲ್ಲಿ ಚಾಚಾಗೆ ಫೋನ್ ಹಚ್ಚಿ ಚೆನ್ನಾಗಿ ಬೈದೆ. ಅವರು ಎಲ್ಲ ಕೇಳಿಸಿಕೊಂಡರು.

"ಪೂಜೆ ಮಾಡೀರೇನ್ರಿ?"

"ಮಾಡೀನಿ."

"ಹಾರ ಎಲ್ಲಿ ಕಟ್ಟೀರಿ?"

ಉತ್ತರ ಹೇಳುವಷ್ಟರಲ್ಲಿ ನನಗೇ ಗೊತ್ತಾಯಿತು. ಓಡಿಹೋಗಿ ಹುರಿ ಕಿತ್ತೆ.

ಅಕ್ಕ ಎಳೆದಳು. ಮುಚ್ಚಳ ಎದ್ದು ನಿಂತಿತು. ಇಳಿದು ಬಂದು ಅಂಗೈಯಿಂದ ಒತ್ತಿ ಮುಚ್ಚಿ, ಮತ್ತೆ ಹೋಗಿ ಎಳೆದಳು. ಹೀಗೆ ಮೂರು ಸಲ ಮಾಡಿದಳು. ನನಗೆ ಕಣ್ಣು ತುಂಬಿ ಬಂತು. ಎಂದಿನಂತೆ ಮುಂದಿನ ಬಾಗಿಲು ತೆಗೆದು ಕೂತೆ.

"ನೀ ಎಲ್ಲಿಗೆ?" ಎಂದಳು.

"ಗುತ್ತೂರಿಗೆ."

"ಇಳಿಯಪ್ಪ. ಇನ್ನ ನೀ ಬ್ಯಾಡ."

ಇಳಿದೆ. ಕಾರು ತಿರುವು ದಾಟುವವರೆಗೂ ಗೇಟಿನಲ್ಲೇ ನಿಂತಿದ್ದೆ. ಅಕ್ಕ ಒಮ್ಮೆಯೂ ತಿರುಗಿ ನೋಡಲಿಲ್ಲ. ಅದೇ ನನಗೆ ದೊಡ್ಡ ಸಂತೋಷವಾಯಿತು.