ಬಿಗರಿಗೆ ಬಂದ ದೊಡ್ಡ ಮಾಸ್ತರರು

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಹಿಂದಿನ ಓಣಿಯಲ್ಲಿದ್ದ ಚರ್ಚಿನ ಪ್ರಾಥಮಿಕ ಶಾಲೆಗೆ ರಾಹೇಲಬಾಯಿ ಹೆಡ್ ಆದಾಗ ಊರೇನೂ ಕುಣಿದಾಡಲಿಲ್ಲ. ಹೆಂಗಸು, ಅದರಲ್ಲೂ ಮದುವೆಯಾಗದವಳು, ಅದರಲ್ಲೂ ಇದೇ ಶಾಲೆಯ ನೆಲದ ಮೇಲೆ ಮೂಗು ಸುರಿಸುತ್ತ ಕೂತು ಕಲಿತವಳು! ಚರ್ಚಿನ ಸಭೆಯ ಹಿರಿಯರಿಗೆ ಬೇರೆ ಯಾರೂ ಸಿಗಲಿಲ್ಲವೇ ಎಂದು ಕೇಳಿದವರೇ ಹೆಚ್ಚು. ಸಿಕ್ಕಿದ್ದರು. ತ್ರ್ಯಂಬಕ ಮಾಸ್ತರರಿದ್ದರು. ಆದರೆ ಚರ್ಚಿನ ಶಾಲೆಗೆ ಬ್ರಾಹ್ಮಣ ಹೆಡ್ ಮಾಸ್ತರ ಹೇಗೆ ಎಂದು ಹಿರಿಯರಿಗೆ ಮುಜುಗರ. ಭಾನುವಾರವೂ ಚರ್ಚಿಗೆ ಬಾ ಎಂದಾರು ಎಂದು ಮಾಸ್ತರರಿಗೆ ಮುಜುಗರ. ಈ ಎರಡು ಮುಜುಗರಗಳ ನಡುವೆ ಖಾಲಿ ಉಳಿದ ಕುರ್ಚಿ ರಾಹೇಲಬಾಯಿಯ ಪಾಲಿಗೆ ಬಂತು.

ತ್ರ್ಯಂಬಕ ಮಾಸ್ತರರು ನಾಲ್ಕನೆಯ ಇಯತ್ತೆಗೆ ಕಲಿಸುತ್ತಿದ್ದರು. ತಲೆಗೆ ರುಮಾಲು, ಕಪ್ಪು ಕೋಟು, ಬಿಸಿಲಿರಲಿ ಮಳೆಯಿರಲಿ ಬಗಲಲ್ಲಿ ಛತ್ರಿ. ಅವರ ಹುಡುಗರು ಮಗ್ಗಿ ಹೇಳತೊಡಗಿದರೆ ಪಾಳಿ ಬದಲಾದಾಗ ಕೂಗುವ ವರ್ಕ್‌ಶಾಪಿನ ಭೋಂಗಾ ಕೂಡ ನಾಚಬೇಕು. ತಪಾಸಣೆಗೆ ಬಂದ ಡೆಪ್ಯುಟಿ ಸಾಹೇಬರು ಆ ಒಂದು ಕೋಣೆಯನ್ನು ನೋಡಿ, ಚಹಾ ಕುಡಿದು, ಶಾಲೆ ಉತ್ತಮವಾಗಿದೆ ಎಂದು ಷರಾ ಬರೆದು ಹೋಗಿಬಿಡುತ್ತಿದ್ದರು. ರಾಹೇಲಬಾಯಿಗೆ ಲೆಕ್ಕ ಕಲಿಸಿದವರೂ, ತಲೆ ಎತ್ತಿ ಮಾತಾಡುವುದನ್ನು ಕಲಿಸಿದವರೂ ಅವರೇ. ಆ ಋಣ ಅವಳ ಮನಸ್ಸಿನಲ್ಲಿ ಯಾವಾಗಲೂ ಇತ್ತು.

ಇನ್ನು ಬಿಗರಿ. ಒಂದನೆಯ ಇಯತ್ತೆಗೂ ಮೊದಲಿನ ಈ ತರಗತಿಯನ್ನು ಯಾರೂ ತರಗತಿ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎಲ್ಲರಿಗಿಂತ ಹೊಸಬರನ್ನು ಅಲ್ಲಿಗೆ ತಳ್ಳುವುದು ವಾಡಿಕೆ. ಆ ವರ್ಷ ಸುಹಾಸಿನಿ ಎಂಬ ಹುಡುಗಿ ಸಿಕ್ಕಿಬಿದ್ದಿದ್ದಳು. ಪಾಪ, ಮಕ್ಕಳು ಅತ್ತರೆ ತಾನೂ ಅಳುವಷ್ಟು ಮೆತ್ತಗಿನವಳು. ಜೂನಿನಲ್ಲಿ ತುಂಬಿದ ಕೋಣೆ ದೀಪಾವಳಿಯ ಹೊತ್ತಿಗೆ ಬಯಲಾಗುತ್ತಿತ್ತು.

ಒಂದು ದಿನ ಅದೇ ಓಣಿಯ ಇಮಾಮಬಿ ಬಿಗರಿಯಲ್ಲಿದ್ದ ತನ್ನ ಮೊಮ್ಮಗನ ಕೈ ಹಿಡಿದುಕೊಂಡು ಬಂದಳು.

"ಅಕ್ಕೋರ, ಇವನ್ನ ನಾಳೆಯಿಂದ ಕಳಸೂದಿಲ್ರಿ. ಮೂರು ತಿಂಗಳಾತು, ಅ ಆ ಅಂತ ಓಣಿ ಹಾರಿಹೋಗೂಹಂಗ ಒದರತಾನ. ಬರದ ತೋರ್ಸೋ ಅಂದ್ರ ನನ್ನ ಮಾರಿ ನೋಡತಾನ. ಒದರೂದು ಮನ್ಯಾಗೂ ಆಕ್ಕೇತಲ್ರಿ?"

ಮಾರನೆಯ ದಿನ ರಾಹೇಲಬಾಯಿ ಮಾಡಿದ ಕೆಲಸಕ್ಕೆ ಇಡೀ ಶಾಲೆ ಬಾಯಿ ತೆರೆದು ನಿಂತಿತು. ತ್ರ್ಯಂಬಕ ಮಾಸ್ತರರಿಗೆ ಬಿಗರಿ ಕೊಟ್ಟಳು. ನಾಲ್ಕನೆಯದನ್ನು ತಾನೇ ಇಟ್ಟುಕೊಂಡು ಸುಹಾಸಿನಿಯನ್ನು ಅವರ ಕೈಕೆಳಗೆ ಹಾಕಿದಳು.

ಮಾಸ್ತರರ ಮುಖ ಕೆಂಪಾಯಿತು. "ನನ್ನ ಕಡೆಯಿಂದ ಏನು ತಪ್ಪಾಗ್ಯದ, ಬಾಯಿಯವರ?" ಹೆಸರು ಹಿಡಿದು ಕರೆಯುತ್ತಿದ್ದವರು ಬಾಯಿಯವರೇ ಎಂದದ್ದು ಅವಳಿಗೆ ಚುಚ್ಚಿತು.

"ತಪ್ಪಲ್ಲರಿ ಗುರುಗಳ. ನಮ್ಮ ಸಾಲ್ಯಾಗ ನಿಮಗಿಂತ ಛಲೋ ಕಲಸವ್ರು ಇಲ್ಲ. ಏನೂ ಬರದಿದ್ದ ಮಕ್ಕಳಿಗೆ ಛಲೋ ಮಾಸ್ತರ ಬೇಕಲ್ರಿ?"

ಪಾದ್ರಿ ಸಾಹೇಬರು ಸಂಜೆಯೇ ಬಂದರು. ಅವರು ಒಳ್ಳೆಯ ಮನುಷ್ಯರು, ಆದರೆ ಗದ್ದಲವೆಂದರೆ ಜ್ವರ ಬರುವ ಜಾತಿ. "ನೋಡವ್ವಾ, ಮಾಸ್ತರರು ಬಿಟ್ಟು ಹೋದ್ರ ಸಾಲಿ ಹೆಸರೂ ಅವರ ಹಿಂದ ಹೋತು. ಹಂಗೇನರೆ ಆದ್ರ ಹಿರಿಯರು ನಿನ್ನ ಹೆಡ್ ಅಂತ ಇಟ್ಟುಕೊಳ್ಳೂದಿಲ್ಲ," ಎಂದು ಮುಚ್ಚುಮರೆಯಿಲ್ಲದೆ ಹೇಳಿ ಹೋದರು.

ಮಾಸ್ತರರು ಬಿಗರಿಗೆ ಹೋದರು. ಆದರೆ ಬೆತ್ತವನ್ನೂ ಜೊತೆಗೆ ಒಯ್ದರು. ಮೇಜಿನ ಮೇಲೆ ಒಂದು ಸಲ ಬಡಿದರೆ ನಾಲ್ಕನೆಯ ಇಯತ್ತೆ ಸ್ತಬ್ಧವಾಗುತ್ತಿತ್ತು. ಇಲ್ಲಿ ಬಡಿದಾಗ ಅರ್ಧ ಮಕ್ಕಳು ಅತ್ತವು, ಒಬ್ಬ ಕೂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ, ಇನ್ನೊಬ್ಬಳು ಬಳಪವನ್ನು ಕಡಿದು ತಿನ್ನತೊಡಗಿದಳು. ಮಾಸ್ತರರು ಹಲಗೆಯ ಮೇಲೆ ಮುತ್ತು ಪೋಣಿಸಿದಂತೆ ಅಕ್ಷರ ಬರೆದು "ಇಷ್ಟು ಸರಳ ಅದ, ಬರಿಯಲಿಕ್ಕೆ ಏನಾಗ್ಯದ ನಿಮಗ?" ಎಂದು ಗುಡುಗಿದರು. ತನಗೆ ಏನಾಗಿದೆಯೆಂದು ಯಾವ ಕೂಸಿಗೆ ಹೇಳಲು ಬರುತ್ತಿತ್ತು?

ಶನಿವಾರ ಅರ್ಧ ದಿನದ ಶಾಲೆ. ಮಕ್ಕಳು ಹೋದ ಮೇಲೆ ರಾಹೇಲಬಾಯಿ ಶಿಕ್ಷಕರನ್ನೆಲ್ಲ ಚಾಪೆಯ ಮೇಲೆ ಕೂಡಿಸಿ ಒಂದೊಂದು ಪಾಟಿ, ಬಳಪ ಕೊಟ್ಟಳು. "ಎಲ್ಲಾರೂ ಎಡಗೈಲೆ ನಿಮ್ಮ ನಿಮ್ಮ ಹೆಸರು ಬರೀರಿ. ನಾನೂ ಬರೀತೇನಿ."

ಅವಳ ಹೆಸರು ಕುಂಟುತ್ತ ಹೇಗೋ ಮುಗಿಯಿತು. ಮಾಸ್ತರರ ಪಾಡು ಕೇಳಲೇಬೇಡಿ. ಅವರ ಹೆಸರಿಗೆ ಮೊದಲ ಅಕ್ಷರದಲ್ಲೇ ಒತ್ತಿನ ಕೆಳಗೆ ಒತ್ತು. ಬಳಪ ಒಂದು ಕಡೆ, ಗೆರೆ ಒಂದು ಕಡೆ, ಮುರಿದ ಬಳಪದ ತುಂಡು ರುಮಾಲಿನೊಳಗೆ. ಸುಹಾಸಿನಿ ತಡೆದು ತಡೆದು ಕೊನೆಗೆ ಫಕ್ಕನೆ ನಕ್ಕುಬಿಟ್ಟಳು. ಮಾಸ್ತರರು ಪಾಟಿಯನ್ನು ಬೋರಲು ಹಾಕಿ ಎದ್ದರು. "ನನ್ನ ವಯಸ್ಸಿಗೆ ಇದು ಶೋಭಿಸೂದಿಲ್ಲ. ಸೋಮವಾರದಿಂದ ನಾ ಬರೂದಿಲ್ಲ," ಎಂದವರೇ ಛತ್ರಿ ಎತ್ತಿಕೊಂಡು ನಡೆದರು.

ಭಾನುವಾರ ರಾಹೇಲಬಾಯಿ ಚರ್ಚಿನಲ್ಲಿ ಕೂತಿದ್ದಳಷ್ಟೇ. ಪಾದ್ರಿ ಸಾಹೇಬರ ಪ್ರಸಂಗದ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಹೆಡ್‌ಗಿರಿ ಹೋದರೆ ಹೋಗಲಿ, ತನಗೆ ಕಲಿಸಿದ ಗುರುವನ್ನೇ ಹೀಗೆ ನಗೆಪಾಟಲು ಮಾಡಿದೆನಲ್ಲ ಎಂಬುದು ಎದೆಯಲ್ಲಿ ಕುಟುಕುತ್ತಿತ್ತು. ಆರಾಧನೆ ಮುಗಿದದ್ದೇ ಕ್ಷಮೆ ಕೇಳಲು ಅವರ ಮನೆಗೆ ಹೊರಟಳು.

ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಮಾಸ್ತರರ ಹೆಂಡತಿ ಗೋದಾಬಾಯಿ ಅವಳನ್ನು ಕಂಡದ್ದೇ ಬಾಯಿಗೆ ಸೆರಗು ಒತ್ತಿಕೊಂಡಳು. "ಬಾರವಾ, ನಿನ್ನಿಯಿಂದ ಇವರಿಗೇನೋ ಆಗ್ಯದ. ನೀನಽ ನೋಡು," ಎಂದು ಕಿಟಕಿಯ ಕಡೆ ಕೈ ತೋರಿಸಿದಳು.

ಪಡಸಾಲೆಯಲ್ಲಿ ಮಾಸ್ತರರು ಬರಿ ತಲೆಯಲ್ಲಿ, ಬರಿ ಮೈಯಲ್ಲಿ ನೆಲಕ್ಕೆ ಬಗ್ಗಿ ಕೂತಿದ್ದರು. ಎದುರಿಗೆ ಮೊಮ್ಮಗಳ ಪಾಟಿ, ಎಡಗೈಯಲ್ಲಿ ಬಳಪ. ನಾಲಿಗೆಯ ತುದಿ ತುಟಿಯಂಚಿನಲ್ಲಿ ಹೊರಗೆ ಬಂದಿತ್ತು. ಬರೆದರು, ಅಳಿಸಿದರು, ಮತ್ತೆ ಬರೆದರು. ಕಿಟಕಿಯಲ್ಲಿ ನೆರಳು ಕಂಡು ತಲೆ ಎತ್ತಿದಾಗ ಸಿಕ್ಕಿಬಿದ್ದ ಕಳ್ಳನ ಮುಖ ಅವರದು.

"ಗುರುಗಳ, ನನ್ನ ತಪ್ಪಾತರಿ..."

"ಅದಿರಲಿ. ಈ 'ಕ'ದಾಗ ಕೈ ತಿರುಗವಲ್ತು ನೋಡು, ರಾಹೇಲಾ," ಎಂದರು ಮಾಸ್ತರರು. "ಗೆರಿ ಎಲ್ಲೆ ಹೋಗಬೇಕು ಅಂತ ತಲೀಗೆ ಗೊತ್ತದ, ಕೈ ಕೇಳೂದಿಲ್ಲ. ಆ ಕೂಸುಗಳಿಗೆ ತಲೀಗೂ ಗೊತ್ತಿಲ್ಲ. ನಾ ಬೆತ್ತ ಬಡದೆ."

ಸೋಮವಾರ ಅವರು ಬಂದರು. ಬೆತ್ತ ಬರಲಿಲ್ಲ. ಹಲಗೆಯ ಮೇಲೆ ಬಲಗೈಯಿಂದ ಬರೆದ ನೆಟ್ಟನೆಯ 'ಅ'ದ ಪಕ್ಕ ಎಡಗೈಯಿಂದ ಒಂದು ಸೊಟ್ಟ 'ಅ' ಬರೆದು "ನನಗಽ ಬರವಲ್ತು, ಯಾರರೆ ಬಂದು ತಿದ್ದರಿ," ಎಂದರು. ಕೋಣೆಯಲ್ಲಿ ಎದ್ದ ನಗೆ ನಾಲ್ಕನೆಯ ಇಯತ್ತೆಯವರೆಗೆ ಕೇಳಿಸಿತು. ಪುಟ್ಟ ಪುಟ್ಟ ಕೈಗಳು ದೊಡ್ಡ ಮಾಸ್ತರರ ಬೆರಳು ಹಿಡಿದು ಸರಿ ದಾರಿಗೆ ಎಳೆದವು. ಕಲಿಸುತ್ತ ಕಲಿಸುತ್ತ ಅವೂ ಕಲಿತವು. ಆ ವರ್ಷ ದೀಪಾವಳಿ ಕಳೆದರೂ ಬಿಗರಿ ಬಯಲಾಗಲಿಲ್ಲ. ಮತ್ತೆ ಶಾಲೆಗೆ ಬರತೊಡಗಿದ್ದ ಇಮಾಮಬಿಯ ಮೊಮ್ಮಗ ಸೋಡಾ ಅಂಗಡಿಯ ಬೋರ್ಡನ್ನು ಓದಿದ್ದೇ ಓದಿದ್ದು; ಅಜ್ಜಿ ಅವನಿಗೆ ಸೋಡಾ ಕುಡಿಸಿಯೇ ಮುಂದೆ ಹೋಗಬೇಕಾಯಿತು.

ಬೇಸಿಗೆ ರಜೆಗೆ ಮೊದಲು ಪಾದ್ರಿ ಸಾಹೇಬರು ಮತ್ತೆ ಗಾಬರಿಯಿಂದ ಬಂದರು. ಧಾರವಾಡದ ಒಂದು ಶಾಲೆಯವರು ತ್ರ್ಯಂಬಕ ಮಾಸ್ತರರನ್ನು ಹೆಡ್ ಮಾಸ್ತರರಾಗಲು ಕರೆದಿದ್ದರು. ರಾಹೇಲಬಾಯಿ ಮನಸ್ಸು ಗಟ್ಟಿಮಾಡಿಕೊಂಡು, ಅಂಗಳದಲ್ಲಿ ಮಕ್ಕಳಿಗೆ ಬರೆಸುತ್ತಿದ್ದ ಮಾಸ್ತರರ ಬಳಿ ಹೋಗಿ, "ಹೋಗ್ರಿ ಗುರುಗಳ. ಆ ಕುರ್ಚಿ ನಿಮಗ ಎಂದೋ ಸಿಗಬೇಕಾಗಿತ್ತು," ಎಂದಳು.

"ನಿನ್ನಿ ಹೋಗಿ ಮಾತಾಡಿ ಬಂದೆ."

"ಏನಂದ್ರಿ?"

"ಹೆಡ್ ಆದ್ರ ನನಗ ಬಿಗರಿ ಕೊಡ್ತೀರೇನು ಅಂತ ಕೇಳಿದೆ. ಅವರೆಲ್ಲಾ ನಕ್ಕರು. ಹೆಡ್ ಮಾಸ್ತರ ಎಲ್ಲ್ಯರೆ ಬಿಗರಿ ಕಲಸ್ತಾನೇನ್ರಿ ಅಂದ್ರು. ಛತ್ರಿ ತೊಗೊಂಡು ಮುಂದಿನ ಗಾಡಿಗೆ ಬಂದೆ."

ರಾಹೇಲಬಾಯಿಯ ಕಣ್ಣು ತುಂಬಿತು.

"ಹೆಡ್ ಆದವರು ಅಂಗಳದಾಗ ನಿಂತು ಅಳಬಾರದು, ಒಳಗ ನಡಿ," ಎಂದು ಮಾಸ್ತರರು ಗದರಿಸಿ, ಧೋತರ ಎತ್ತಿ ಕಟ್ಟಿಕೊಂಡು ಮಕ್ಕಳ ನಡುವೆ ನೆಲದ ಮೇಲೆ ಕೂತರು.